ಸತ್ತವರ ಸರಾಸರಿ: ಚಾಡ್ವಿಕ್ ವರದಿಯ ಮರು ಓದು

45, 26, 16. ಲಂಡನ್ನಿನ ಪೂರ್ವಭಾಗದ ಬೆತ್ನಲ್ ಗ್ರೀನ್ ಎಂಬ ಒಂದೇ ಪ್ಯಾರಿಷ್‌ನಲ್ಲಿ, ಅಂದರೆ ಚರ್ಚಿನ ಹೆಸರಿನ ಆಡಳಿತ ವಲಯದಲ್ಲಿ, ಸತ್ತವರ ಸರಾಸರಿ ವಯಸ್ಸು ಇದು. ಮೊದಲನೆಯದು ಸ್ಥಿತಿವಂತರದು, ಎರಡನೆಯದು ಅಂಗಡಿ ಮುಂಗಟ್ಟು ಇಟ್ಟವರದು, ಮೂರನೆಯದು ಕಸುಬುದಾರರದು, ಮನೆಗೆಲಸದವರದು, ಕೂಲಿಯವರದು. ಮೂರರಲ್ಲೂ ಅವರವರ ಹೆಂಡತಿ ಮಕ್ಕಳು ಸೇರಿದ್ದಾರೆ. ಎಡ್ವಿನ್ ಚಾಡ್ವಿಕ್ 1842ರಲ್ಲಿ ಬ್ರಿಟನ್ನಿನ ಸಂಸತ್ತಿನ ಮುಂದಿಟ್ಟ ವರದಿಯಲ್ಲಿ ಈ ಅಂಕಿಗಳಿವೆ. ದುಡಿಯುವ ಜನರ ನೈರ್ಮಲ್ಯ ಸ್ಥಿತಿಯನ್ನು ಕುರಿತ ಆ ವರದಿಯಿಂದಲೇ ಆಧುನಿಕ ಸಾರ್ವಜನಿಕ ಆರೋಗ್ಯದ ಕತೆ ಶುರುವಾಗುತ್ತದೆಂದು ಹೇಳುವವರು ಬಹಳ. ಆ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ವರದಿಯ ಹಿರಿಮೆ ಎಲ್ಲಿದೆಯೋ ಅದರ ದೋಷವೂ ಅಲ್ಲೇ ಇದೆ. ಅದು ಜಾಗವನ್ನು ಕಣ್ಣಿಟ್ಟು ನೋಡಿತು, ಅಲ್ಲಿ ಬದುಕಿದ್ದ ಜನರನ್ನು ಅಷ್ಟೇ ಕಣ್ಣಿಟ್ಟು ನೋಡಲಿಲ್ಲ.

ಬೆತ್ನಲ್ ಗ್ರೀನ್ ರೇಷ್ಮೆ ನೇಯ್ಗೆಯವರ ಊರು. ಮಗ್ಗಕ್ಕೆ ಬೆಳಕು ಬೀಳಲೆಂದು ಮೇಲಂತಸ್ತಿಗೆ ಅಗಲವಾದ ಕಿಟಕಿಗಳಿದ್ದ ಮನೆಗಳು ಅಲ್ಲಿ ಸಾಲಾಗಿ ನಿಂತಿದ್ದವು. ಚಾಡ್ವಿಕ್ ವರದಿಯ ಹೊತ್ತಿಗೆ ಕಸುಬು ಇಳಿಮುಖವಾಗಿತ್ತು, ಜನಸಂಖ್ಯೆ ಮಾತ್ರ ಏರಿ 1841ರ ಗಣತಿಯಲ್ಲಿ 74,000 ದಾಟಿತ್ತು. 1837-38ರಲ್ಲಿ ಪೂರ್ವ ಲಂಡನ್ನಿನಲ್ಲಿ ಜ್ವರ ಹಬ್ಬಿತು. ಬಡವರಿಗೆ ಕೊಡುವ ನೆರವನ್ನು ನೋಡಿಕೊಳ್ಳುತ್ತಿದ್ದ ಬಡವರ ಕಾನೂನಿನ ಕಮಿಷನರುಗಳು ಮೂವರು ವೈದ್ಯರನ್ನು ಕಳಿಸಿದರು: ಸೌತ್‌ವುಡ್ ಸ್ಮಿತ್, ನೀಲ್ ಆರ್ನಾಟ್, ಜೇಮ್ಸ್ ಫಿಲಿಪ್ಸ್ ಕೇ. ಬೆತ್ನಲ್ ಗ್ರೀನ್ ಮತ್ತು ವೈಟ್‌ಚಾಪೆಲ್ ಸ್ಮಿತ್‌ರ ಪಾಲಿಗೆ ಬಂದವು. ಲ್ಯಾಂಬ್ಸ್ ಫೀಲ್ಡ್ಸ್ ಎಂಬ ಬಯಲಿನಲ್ಲಿ ಬೇಸಿಗೆ ಚಳಿಗಾಲಗಳೆನ್ನದೆ ಕೊಳಚೆ ನೀರು ನಿಂತೇ ಇರುವುದನ್ನೂ, ಅದರ ಅಂಚಿಗೆ ಹತ್ತಿದ ಮನೆಗಳಲ್ಲಿ ಜ್ವರ ಬಿಡದೆ ಕಾಡುವುದನ್ನೂ ಅವರು ಬರೆದಿಟ್ಟರು. ಚಾಡ್ವಿಕ್‌ರ ದೊಡ್ಡ ವಿಚಾರಣೆಗೆ ಬುನಾದಿ ಬಿದ್ದದ್ದು ಇಂಥ ಬರಹಗಳ ಮೇಲೆ.

ವರದಿಯ ಶಕ್ತಿ ಅದರ ಹೋಲಿಕೆಗಳಲ್ಲಿದೆ. ಮ್ಯಾಂಚೆಸ್ಟರಿನಲ್ಲಿ ಮೇಲ್ವರ್ಗದವರ ಸಾವಿನ ಸರಾಸರಿ ವಯಸ್ಸು 38, ಕೂಲಿಯವರದು 17. ಲಿವರ್‌ಪೂಲಿನಲ್ಲಿ 35 ಮತ್ತು 15. ರಟ್ಲೆಂಡ್ ಎಂಬ ಹಳ್ಳಿಗಾಡಿನ ಕೌಂಟಿಯಲ್ಲಿ 52 ಮತ್ತು 38. ಅಂದರೆ ರಟ್ಲೆಂಡಿನ ಹೊಲಗೆಲಸದವನೂ ಮ್ಯಾಂಚೆಸ್ಟರಿನ ಸ್ಥಿತಿವಂತನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ! ಇದನ್ನು ಓದಿದ ಮೇಲೆ ಸಾವು ಹಣೆಬರಹ, ದೈವೇಚ್ಛೆ, ಇಲ್ಲವೇ ಕುಡುಕುತನದ ಫಲ ಎಂದು ಕೈತೊಳೆದುಕೊಳ್ಳುವುದು ಕಷ್ಟವಾಯಿತು. ಸಾವಿಗೆ ವಿಳಾಸ ಸಿಕ್ಕಿತು. 1837ರಲ್ಲಿ ಆರಂಭವಾಗಿದ್ದ ಜನನ ಮರಣ ನೋಂದಣಿಯನ್ನು ಆಡಳಿತದ ಕಣ್ಣು ತೆರೆಸುವ ಸಾಕ್ಷಿಯಾಗಿ ಬಳಸಬಹುದೆಂದು ಚಾಡ್ವಿಕ್ ತೋರಿಸಿದರು. ಕೊಳಕಿನಿಂದ ಪ್ರತಿ ವರ್ಷ ಆಗುವ ಜೀವನಷ್ಟ ಈಚಿನ ಕಾಲದ ಯಾವ ಯುದ್ಧದ ನಷ್ಟಕ್ಕಿಂತಲೂ ಹೆಚ್ಚು ಎಂದರು. ತೆರಿಗೆ ಹಣದಿಂದ ನೆರವು ಪಡೆಯುತ್ತಿದ್ದ 43,000 ವಿಧವೆಯರನ್ನೂ 1,12,000 ಅನಾಥ ಮಕ್ಕಳನ್ನೂ ಎಣಿಸಿ, ಚರಂಡಿ ಕಟ್ಟದಿರುವುದೇ ದುಬಾರಿ ಎಂದು ಲೆಕ್ಕ ಒಪ್ಪಿಸಿದರು. ಜಿಪುಣ ತೆರಿಗೆದಾರನಿಗೂ ತಟ್ಟುವ ವಾದ ಅದು.

ಹಾಗಿದ್ದೂ 16 ಎಂಬ ಅಂಕಿಯನ್ನು ಒರೆಗೆ ಹಚ್ಚಲೇಬೇಕು. ಸತ್ತವರ ವಯಸ್ಸುಗಳನ್ನು ಕೂಡಿ ಭಾಗಿಸಿದರೆ ಬರುವುದು ಬದುಕಿನ ಅಳತೆಯಲ್ಲ. ಒಂದು ಬೀದಿಯ ತುಂಬ ನಿವೃತ್ತರಿದ್ದಾರೆ, ಪಕ್ಕದ ಬೀದಿಯ ತುಂಬ ಹೊಸದಾಗಿ ಮದುವೆಯಾದವರೂ ಅವರ ಕೂಸುಗಳೂ ಇದ್ದಾರೆ ಎಂದುಕೊಳ್ಳಿ. ಎರಡೂ ಬೀದಿಗಳ ಗಾಳಿ, ನೀರು, ಊಟ ಒಂದೇ ಆಗಿದ್ದರೂ ಮೊದಲನೆಯದರಲ್ಲಿ ಸತ್ತವರ ಸರಾಸರಿ ವಯಸ್ಸು ಹೆಚ್ಚೇ ಬರುತ್ತದೆ, ಎರಡನೆಯದರಲ್ಲಿ ಕಡಿಮೆಯೇ ಬರುತ್ತದೆ. ಕೆಲಸ ಹುಡುಕಿ ಬಂದ ಯುವಕ ಯುವತಿಯರಿಂದ ಬೆಳೆಯುತ್ತಿದ್ದ ಕೈಗಾರಿಕಾ ಪಟ್ಟಣಗಳು ಈ ಎರಡನೆಯ ಬೀದಿಯಂಥವು. ವಿಮಾ ಲೆಕ್ಕಗಳ ತಜ್ಞ ನೀಸನ್ 1844ರಲ್ಲೇ ಈ ತಪ್ಪನ್ನು ಎತ್ತಿ ತೋರಿಸಿದರು. ಯಾವ ವಯಸ್ಸಿನವರು ಎಷ್ಟು ಜನ ಬದುಕಿದ್ದಾರೆ, ಅವರಲ್ಲಿ ಎಷ್ಟು ಜನ ಸತ್ತರು ಎಂದು ಕೇಳದೆ ಊರು ಊರುಗಳನ್ನು ಹೋಲಿಸಲಾಗದು ಎಂಬುದು ಅವರ ವಾದದ ತಿರುಳು. ಚಾಡ್ವಿಕ್‌ರ ಪಟ್ಟಿ ವರ್ಗಗಳ ನಡುವಿನ ಅಂತರವನ್ನು ಇದ್ದದ್ದಕ್ಕಿಂತ ಹಿಗ್ಗಿಸಿ ತೋರಿಸುವ ಬಗೆಯದು. ಅಂತರ ಇತ್ತೆಂಬುದು ಸುಳ್ಳಲ್ಲ, ಅದರ ಅಳತೆಗೋಲು ಸರಿಯಿರಲಿಲ್ಲ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ದೋಷ ಬೇರೊಂದಿದೆ. 16 ಎಂದಾಗ ಓದುಗನ ಕಣ್ಣ ಮುಂದೆ ಬರುವುದು ಮೀಸೆ ಚಿಗುರುವ ವಯಸ್ಸಿನ ಹುಡುಗ. ಆದರೆ ಬೆತ್ನಲ್ ಗ್ರೀನಿನ ನೇಕಾರರು ಆ ವಯಸ್ಸಿಗೆ ಸಾಯುತ್ತಿರಲಿಲ್ಲ. ಹಾಲುಗಲ್ಲದ ಮಕ್ಕಳು ಭೇದಿ, ದಡಾರ, ನಾಯಿಕೆಮ್ಮುಗಳಿಂದ ಸಾಲುಸಾಲಾಗಿ ಸಾಯುತ್ತಿದ್ದವು, ಆ ಗಂಡಾಂತರ ದಾಟಿದವರು ನಲವತ್ತು ಐವತ್ತರವರೆಗೆ ನೇಯುತ್ತಿದ್ದರು. ಸರಾಸರಿ ಎಂಬುದು ತೊಟ್ಟಿಲ ಸಾವನ್ನೂ ನಡುವಯಸ್ಸಿನ ಸಾವನ್ನೂ ಕಲಸಿ, ಇಬ್ಬರಲ್ಲಿ ಯಾರದೂ ಅಲ್ಲದ ಒಂದು ವಯಸ್ಸನ್ನು ನಮ್ಮ ಕೈಗಿಡುತ್ತದೆ. ಮಕ್ಕಳ ಸಾವನ್ನು ಬೇರೆಯಾಗಿ ಎಣಿಸಿದ್ದರೆ ತಾಯಂದಿರ ಮೈಯ ಸ್ಥಿತಿ, ಕೂಸಿನ ಹಾಲು, ಮನೆಯ ಊಟ ಇವೆಲ್ಲ ತಾವಾಗಿಯೇ ಪ್ರಶ್ನೆಗಳಾಗಿ ಏಳುತ್ತಿದ್ದವು.

ಊಟದ ಪ್ರಶ್ನೆಯನ್ನು ಚಾಡ್ವಿಕ್ ಬೇಕೆಂದೇ ದೂರವಿಟ್ಟರೆಂದು ನಂಬಲು ಕಾರಣಗಳಿವೆ. 1834ರ ಬಡವರ ಕಾನೂನನ್ನು ರೂಪಿಸಿದ ಮುಖ್ಯರಲ್ಲಿ ಅವರೊಬ್ಬರು. ಮೈಯಲ್ಲಿ ಕಸುವಿದ್ದ ಬಡವನಿಗೆ ಮನೆಬಾಗಿಲಲ್ಲಿ ಸಿಗುತ್ತಿದ್ದ ನೆರವನ್ನು ಕಡಿದು, ಬೇಕಿದ್ದರೆ ಬಡವರನ್ನು ಇರಿಸಿಕೊಂಡು ದುಡಿಸುವ ವರ್ಕ್‌ಹೌಸಿಗೆ ಬಾ ಎಂದ ಕಾನೂನು ಅದು. ಹಸಿವಿನಿಂದ ರೋಗ ಬರುತ್ತದೆಂದು ಒಪ್ಪಿದರೆ ತಾವೇ ಕಟ್ಟಿದ ವ್ಯವಸ್ಥೆ ಕಟಕಟೆ ಹತ್ತಬೇಕಾಗುತ್ತಿತ್ತು. ನೋಂದಣಿ ಕಚೇರಿಯ ವಿಲಿಯಂ ಫಾರ್ 1839ರ ತಮ್ಮ ಮೊದಲ ವರದಿಯಲ್ಲಿ 63 ಸಾವುಗಳನ್ನು ಉಪವಾಸದ ಲೆಕ್ಕಕ್ಕೆ ಬರೆದಾಗ ಚಾಡ್ವಿಕ್ ಅದನ್ನು ಬಲವಾಗಿ ಪ್ರಶ್ನಿಸಿದರು. ಹಸಿವು ನೇರವಾಗಿ ಕೊಲ್ಲುವುದಕ್ಕಿಂತ ರೋಗಕ್ಕೆ ದಾರಿ ಮಾಡಿಕೊಟ್ಟು ಕೊಲ್ಲುವುದೇ ಹೆಚ್ಚು ಎಂಬುದು ಫಾರ್‌ರ ಉತ್ತರ. ಎಡಿನ್‌ಬರೋದ ವೈದ್ಯ ವಿಲಿಯಂ ಪುಲ್ಟ್ನಿ ಅಲಿಸನ್ 1840ರಲ್ಲಿ ಬರೆದ ಪುಸ್ತಕದಲ್ಲಿ ಬಡತನವೇ ಜ್ವರದ ತಾಯಿ, ಬಡವನಿಗೆ ಅನ್ನ, ಬಟ್ಟೆ, ಉರುವಲು ಸಿಗುವಂತೆ ಮಾಡದೆ ಜ್ವರ ಹೋಗದು ಎಂಬ ನಿಲುವು ತಳೆದರು. ಆ ಕಾಲದ ಜ್ವರಗಳಲ್ಲಿ ಮುಖ್ಯವಾದದ್ದು ಟೈಫಸ್. ಅದನ್ನು ಹರಡುವುದು ಬಟ್ಟೆಯ ಹೊಲಿಗೆಗಳಲ್ಲಿ ಅಡಗುವ ಕೂರೆ, ಅಂದರೆ ಮೈಹೇನು ಎಂದು ಫ್ರಾನ್ಸಿನ ವಿಜ್ಞಾನಿ ಶಾರ್ಲ್ ನಿಕೋಲ್ 1909ರಲ್ಲಿ ತೋರಿಸಿದರು. ಬದಲಿಸಲು ಇನ್ನೊಂದು ಅಂಗಿಯಿಲ್ಲದವರು, ಒಂದೇ ಕಂಬಳಿಯಡಿ ನಾಲ್ವರು ಮಲಗುವವರು ಆ ಜ್ವರಕ್ಕೆ ಸಿಕ್ಕಿಬೀಳುತ್ತಿದ್ದರು. ಈ ವಿಷಯದಲ್ಲಿ ನಿಜಕ್ಕೆ ಹತ್ತಿರವಿದ್ದವರು ಅಲಿಸನ್.

ಹಾಗೆಂದು ಚಾಡ್ವಿಕ್‌ರ ಮದ್ದು ಸುಳ್ಳಾಗಲಿಲ್ಲ. ದುರ್ನಾತವೇ ರೋಗ ಎಂದು ಅವರು ನಂಬಿದ್ದರು. ನಂಬಿಕೆ ತಪ್ಪು. ಆದರೆ ಅದೇ ನಂಬಿಕೆಯಿಂದ ಹುಟ್ಟಿದ ಯೋಜನೆ, ಮನೆಮನೆಗೆ ಕೊಳವೆಯಲ್ಲಿ ನೀರು ತಂದು ಅದೇ ನೀರಿನ ಬಲದಿಂದ ಹೊಲಸನ್ನು ನುಣುಪಾದ ಕಿರುಕೊಳವೆಗಳಲ್ಲಿ ಊರಾಚೆ ಸಾಗಿಸುವುದು, ಸರಿಯಾಗಿತ್ತು. ಕಾಲರಾ, ವಿಷಮಶೀತ ಜ್ವರಗಳನ್ನು ಕೊನೆಗೆ ಪಳಗಿಸಿದ್ದು ಶುದ್ಧ ನೀರು ಮತ್ತು ಒಳಚರಂಡಿಗಳೇ. ಆದರೂ ಕಾರಣ ತಿಳಿಯದೆ ಕೊಟ್ಟ ಮದ್ದು ಕೆಲವೊಮ್ಮೆ ಕೊಂದದ್ದೂ ಉಂಟು. 1848-49ರಲ್ಲಿ ಚಾಡ್ವಿಕ್‌ರ ಪ್ರಭಾವದಲ್ಲಿದ್ದ ಚರಂಡಿ ಆಯೋಗ ನಾತ ಹೋಗಲೆಂದು ಮೋರಿಗಳನ್ನು ಥೇಮ್ಸ್ ನದಿಗೆ ತೊಳೆದು ಬಿಟ್ಟಿತು. ಲಕ್ಷಾಂತರ ಜನ ಅದೇ ನದಿಯ ನೀರು ಕುಡಿಯುತ್ತಿದ್ದರು. 1849ರ ಕಾಲರಾ ಲಂಡನ್ನಿನಲ್ಲಿ 14,000 ಜನರನ್ನು ಬಲಿ ತೆಗೆದುಕೊಂಡಿತು. ಮೂಗನ್ನು ನಂಬಿ ನಡೆದ ಆಡಳಿತ ನಾಲಿಗೆಗೆ ತಾಗುವ ನೀರನ್ನು ಮರೆತಿತ್ತು.

ಚಾಡ್ವಿಕ್‌ರ ಪಕ್ಕದಲ್ಲಿಟ್ಟು ಓದಬೇಕಾದ ಪುಸ್ತಕವೆಂದರೆ ಹೆಕ್ಟರ್ ಗ್ಯಾವಿನ್ ಎಂಬ ವೈದ್ಯರು 1848ರಲ್ಲಿ ಪ್ರಕಟಿಸಿದ ‘ಸ್ಯಾನಿಟರಿ ರ‍್ಯಾಂಬ್ಲಿಂಗ್ಸ್’. ಅದು ಇಡಿಯಾಗಿ ಬೆತ್ನಲ್ ಗ್ರೀನಿನದೇ ಕತೆ. ಚಾಡ್ವಿಕ್ ದೇಶದ ಉದ್ದಗಲದಿಂದ ಬಂದ ಪತ್ರಗಳನ್ನು ಜೋಡಿಸಿದರೆ, ಗ್ಯಾವಿನ್ ಬೀದಿಬೀದಿಯನ್ನೂ ಓಣಿಓಣಿಯನ್ನೂ ಹೊಕ್ಕು ಬರೆದರು: ಯಾವ ಅಂಗಳದಲ್ಲಿ ಎಷ್ಟು ಮನೆಗೆ ಒಂದು ಕಕ್ಕಸು, ಎಲ್ಲಿ ತಿಪ್ಪೆ, ಎಲ್ಲಿ ನಲ್ಲಿ. ಸೌತ್‌ವುಡ್ ಸ್ಮಿತ್ ನೋಡಿದ ಲ್ಯಾಂಬ್ಸ್ ಫೀಲ್ಡ್ಸ್‌ನ ಕೊಳಚೆ ಹತ್ತು ವರ್ಷದ ಮೇಲೂ ಅವರ ಕಣ್ಣಿಗೆ ಬಿತ್ತು. ಗ್ಯಾವಿನ್ ಕೂಡ ದುರ್ನಾತದ ಸಿದ್ಧಾಂತದವರೇ. ಆದರೂ ಕಾಲ್ನಡಿಗೆಯ ಈ ಬರಹದಲ್ಲಿ ಸರಾಸರಿಯ ಮುಸುಕು ಸರಿಯುತ್ತದೆ. ಓದುತ್ತ ಹೋದಂತೆ ಪ್ಯಾರಿಷ್ ಎಂಬ ಒಂದು ಹೆಸರು ಕರಗಿ ನೂರಾರು ಬಾಗಿಲುಗಳಾಗುತ್ತದೆ.

ಆ ಬಾಗಿಲುಗಳ ಮುಂದಿನ ಕತೆ ವರದಿಯ ಇತಿಮಿತಿಗಳನ್ನು ಇನ್ನಷ್ಟು ಬಿಡಿಸಿ ಹೇಳುತ್ತದೆ. 1866ರಲ್ಲಿ ಮತ್ತೆ ಕಾಲರಾ ಬಂದಾಗ ಲಂಡನ್ನಿನ ಬಹುಭಾಗಕ್ಕೆ ಎಂಜಿನಿಯರ್ ಬ್ಯಾಜಲ್ಜೆಟ್‌ರ ಹೊಸ ಒಳಚರಂಡಿ ತಲುಪಿತ್ತು, ಪೂರ್ವಭಾಗದ್ದು ಇನ್ನೂ ಮುಗಿದಿರಲಿಲ್ಲ. ಸತ್ತ 5,500ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಪೂರ್ವದವರು, ಬೆತ್ನಲ್ ಗ್ರೀನಿನವರೂ ಅವರಲ್ಲಿ ಸೇರಿದ್ದರು. ಈ ಸಲ ರೋಗ ಬಂದದ್ದು ಕೊಳವೆಯಲ್ಲೇ. ಈಸ್ಟ್ ಲಂಡನ್ ನೀರು ಕಂಪನಿ ಓಲ್ಡ್ ಫೋರ್ಡ್‌ನ ಮುಚ್ಚಿಲ್ಲದ ಕೊಳಗಳ ನೀರನ್ನು ಊರಿಗೆ ಬಿಟ್ಟಿತ್ತು. ಸೋಸದ ಒಂದು ಹನಿಯೂ ಹೋಗಿಲ್ಲವೆಂದು ಕಂಪನಿಯ ಎಂಜಿನಿಯರ್ ಪತ್ರಿಕೆಗೆ ಬರೆದರು. ಅಷ್ಟರಲ್ಲಿ ಮನೆಗಳ ಕೊಳವೆಗಳಲ್ಲಿ ಹಾವುಮೀನು ಸಿಕ್ಕಿದ ಸುದ್ದಿ ಬಂತು! ನೀರೇ ಕಾರಣವೆಂದು ಬೆರಳಿಟ್ಟು ತೋರಿಸಿದವರು ಅದೇ ವಿಲಿಯಂ ಫಾರ್. ಕೊಳವೆ ಹಾಕಿದರೆ ಸಾಲದು, ಅದರಲ್ಲಿ ಹರಿಯುವುದಕ್ಕೆ ಯಾರು ಹೊಣೆ ಎಂದು ಕೇಳಬೇಕು ಎಂಬ ಪಾಠಕ್ಕೆ ಪೂರ್ವ ಲಂಡನ್ ಅಷ್ಟು ಜೀವ ತೆತ್ತಿತು.

ಇದೇ ಬೆತ್ನಲ್ ಗ್ರೀನಿನ ಅಂಚಿನಲ್ಲಿ ಓಲ್ಡ್ ನಿಕೋಲ್ ಎಂಬ ಕುಖ್ಯಾತ ಕೊಳೆಗೇರಿ ಇತ್ತು. ಲಂಡನ್ ಕೌಂಟಿ ಕೌನ್ಸಿಲ್ 1890ರ ದಶಕದಲ್ಲಿ ಅದನ್ನು ಕೆಡವಿ, ನಡುವೆ ಎತ್ತರದ ವೃತ್ತ, ಸುತ್ತ ಕೆಂಪು ಇಟ್ಟಿಗೆಯ ಗಟ್ಟಿ ಮನೆಗಳಿರುವ ಬೌಂಡರಿ ಎಸ್ಟೇಟ್ ಕಟ್ಟಿತು. 1900ರಲ್ಲಿ ಅದು ಉದ್ಘಾಟನೆಯಾಯಿತು. ಎಬ್ಬಿಸಲ್ಪಟ್ಟವರು 5,719 ಜನ. ಅವರಲ್ಲಿ ಹೊಸ ಮನೆಗಳಿಗೆ ಬಂದವರು 11 ಜನ. ಬಾಡಿಗೆ ಕೈಗೆಟುಕದೆ ಉಳಿದವರು ಹತ್ತಿರದ ಬೀದಿಗಳಿಗೆ ಹೋಗಿ ಅಲ್ಲಿನ ಕೋಣೆಗಳನ್ನು ಇನ್ನಷ್ಟು ಕಿಕ್ಕಿರಿಸಿದರು. ಆ ಜಾಗದ ಮರಣ ಪ್ರಮಾಣ ಇಳಿದಿದ್ದರೆ ಅದರಲ್ಲಿ ಹಳೆಯ ನಿವಾಸಿಗಳ ಪಾಲೆಷ್ಟು? ಜಾಗವನ್ನು ಗುಣಪಡಿಸಿ ಜನರನ್ನು ಹೊರಗೆ ಬಿಡುವ ಈ ಬಗೆ ಚಾಡ್ವಿಕ್ ನೋಟದ ಕೊನೆಯ ನಿಲ್ದಾಣವೆಂದೇ ನನ್ನ ಎಣಿಕೆ.

ಅದೇ ನೋಟ ಕಡಲು ದಾಟಿ ನಮ್ಮಲ್ಲಿಗೂ ಬಂತು. 1898ರ ಪ್ಲೇಗಿನ ಹೊತ್ತಿಗೆ ಬೆಂಗಳೂರಿನಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಗಲವಾದ ರಸ್ತೆ, ಗಾಳಿ ಬೆಳಕು ಧಾರಾಳ. ಮನೆಗಳ ಹಿಂದೆ ಕಕ್ಕಸಿನ ಹೊಲಸು ಸಾಗಿಸಲೆಂದು ಬಿಟ್ಟ ಕನ್ಸರ್ವೆನ್ಸಿ ಲೇನು. ಆ ಹೆಸರೂ ವಿಕ್ಟೋರಿಯಾ ಕಾಲದ ನೈರ್ಮಲ್ಯ ಆಡಳಿತದ್ದೇ. ಆದರೆ ಚಾಡ್ವಿಕ್ ನೀರಿನ ಬಲಕ್ಕೆ ವಹಿಸಿದ್ದ ಕೆಲಸವನ್ನು ಆ ಹಿಂಬದಿಯ ಓಣಿಗಳಲ್ಲಿ ದಲಿತರ ತಲೆಗೆ ಹೊರಿಸಲಾಯಿತು. ಮುಂಬಾಗಿಲಿನವರ ಆರೋಗ್ಯವನ್ನು ಕಾದವರ ಆರೋಗ್ಯ ಯಾವ ಪಟ್ಟಿಯಲ್ಲಿತ್ತು? 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ರಾಜ್ಯದ ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಜಾಗದಿಂದ ಜನರ ಕಡೆಗೆ ಕಣ್ಣು ತಿರುಗಿಸಿದ ಹೆಜ್ಜೆ ಅದು.

ಇಷ್ಟೆಲ್ಲ ಹೇಳಿದ ಮೇಲೂ ಚಾಡ್ವಿಕ್ ವರದಿಯನ್ನು ನಾನು ಕಪಾಟಿನಿಂದ ಕೆಳಗಿಳಿಸಲಾರೆ. ಬಡವರ ಸಾವು ಸರ್ಕಾರದ ಲೆಕ್ಕಕ್ಕೆ ಬರಬೇಕೆಂಬ ಹಟ ಅದರದು, ಆ ಹಟದ ಋಣ ನಮ್ಮ ಮೇಲಿದೆ. ಅದನ್ನು ಒಂಟಿಯಾಗಿ ಓದಬಾರದು, ಅಷ್ಟೆ. ಒಂದು ಪಕ್ಕದಲ್ಲಿ ಅಲಿಸನ್ ಇರಲಿ, ಇನ್ನೊಂದು ಪಕ್ಕದಲ್ಲಿ ಗ್ಯಾವಿನ್ ಇರಲಿ. ಆಗ 16 ಎಂಬ ಅಂಕಿ ಬಿಚ್ಚಿಕೊಂಡು, ಅದರೊಳಗಿನ ಖಾಲಿ ತೊಟ್ಟಿಲೂ ಖಾಲಿ ತಟ್ಟೆಯೂ ಒಟ್ಟಿಗೇ ಕಾಣುತ್ತವೆ.