ಕಂಬವೋ, ಅಂಕಣವೋ?

ಇಂಗ್ಲಿಷಿನ ‘ಕಾಲಮಿಸ್ಟ್’ ಪದದ ಬೇರು ಲ್ಯಾಟಿನ್ನಿನ ‘ಕೊಲುಮ್ನಾ’, ಅಂದ್ರೆ ಕಂಬ. ಪುಟದಲ್ಲಿ ಕಂಬದ ಹಾಗೆ ನೆಟ್ಟಗೆ ನಿಂತ ಅಕ್ಷರಗಳ ಪಟ್ಟಿಗೆ ಆ ಹೆಸರು ಬಂತು. ಅದನ್ನು ತುಂಬುವವನು ಕಾಲಮಿಸ್ಟ್ ಆದ. ಕನ್ನಡ ಅವನನ್ನು ಕಂಬಕಾರ ಅನ್ನಲಿಲ್ಲ, ‘ಅಂಕಣಕಾರ’ ಅಂತು. ಅಂಕಣ ಅಂದ್ರೆ ಎರಡು ಕಂಬಗಳ ನಡುವಿನ ಜಾಗ. ಮೂರಂಕಣದ ಮನೆ, ಐದಂಕಣದ ಮನೆ ಅಂತ ಹಿರಿಯರು ಅಳೆಯುತ್ತಿದ್ದದ್ದು ಇದರಲ್ಲೇ.

ನನಗೆ ಕನ್ನಡದ ಪದವೇ ಸರಿ ಅನ್ಸುತ್ತೆ. ಕಲ್ಲುಗುಂಡಿಯ ನಮ್ಮ ಮನೆಯಲ್ಲಿ ಕಂಬಗಳ ಕೆಲಸ ಮಾಡು ಹೊರುವುದು. ಜನ ಕೂತು ಅಡಿಕೆ ಸುಲಿಯುತ್ತಾ ಮಾತಾಡುತ್ತಿದ್ದದ್ದು ಅವುಗಳ ನಡುವಿನ ಜಾಗದಲ್ಲಿ.

ಅಂಕಣ ಬರಹವೂ ಸಾಹಿತ್ಯವೇ ಅನ್ನುವುದು ಇವತ್ತು ಹೊಸ ವಾದವಲ್ಲ. ಹಾ.ಮಾ. ನಾಯಕರ ‘ಸಂಪ್ರತಿ’ಗೆ 1989ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ನನ್ನ ತಕರಾರು ಬೇರೆ. ಈಗ ನಾವು ಬರೆಯುತ್ತಿರುವುದರಲ್ಲಿ ಹೆಚ್ಚಿನವು ಬರೀ ಕಂಬಗಳು. ಮೊದಲ ಸಾಲಿಗೇ ತೀರ್ಪು, ಕೊನೆಯ ಸಾಲಿಗೆ ಅದೇ ತೀರ್ಪು ಇನ್ನೊಮ್ಮೆ. ಓದುವವರಿಗೆ ಕೂರಲು ಜಾಗವಿಲ್ಲ.

ನಾನೂ ಹೊರತಲ್ಲ. ಒಮ್ಮೆ ಊರಿಗೆ ಹೋದಾಗ, ಅಡಿಕೆ ಬೆಲೆ ಬಗ್ಗೆ ಬರೆದದ್ದನ್ನು ಅಪ್ಪನಿಗೆ ಮೊಬೈಲಿನಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿದರು. “ಎಲ್ಲ ನೀನೇ ಹೇಳಿ ಆಯ್ತಲ್ಲ ಮಾರಾಯ, ಇನ್ನು ನಾನು ಎಂತ ಹೇಳುದು?” ಅಂದರು.

ತೋಟ ಮಾಡುವವರು ಅವರು. ಆ ರಾತ್ರಿ ಕೊನೆಯ ಎರಡು ಪ್ಯಾರಾ ಅಳಿಸಿದೆ.