ಪಟ್ಟಿಯಲ್ಲಿದೆ, ನೆಲದ ಮೇಲಿಲ್ಲ

ಕೇಂದ್ರ ಸರ್ಕಾರದ ಸಂರಕ್ಷಣೆಯಲ್ಲಿದ್ದ 3,678 ಸ್ಮಾರಕಗಳ ಪೈಕಿ 1,655ನ್ನು ಮಹಾಲೇಖಪಾಲರ ತಂಡ ಸ್ಥಳಕ್ಕೇ ಹೋಗಿ ಪರಿಶೀಲಿಸಿತು. 92 ಸಿಗಲಿಲ್ಲ ಎಂದು 2013ರ ವರದಿ ಹೇಳಿತು. ಬಳಿಕ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಹುಡುಕಾಡಿ, ಅವುಗಳಲ್ಲಿ 42 ಇವೆ ಎಂದಿತು. ಉಳಿದ 50ರಲ್ಲಿ 14 ನಗರಗಳ ಬೆಳವಣಿಗೆಗೆ ಬಲಿಯಾಗಿದ್ದವು, 12 ಜಲಾಶಯಗಳಲ್ಲಿ ಮುಳುಗಿದ್ದವು. 24ರ ನೆಲೆಯೇ ತಿಳಿಯಲಿಲ್ಲ.

ಎಲ್ಲರೂ 24ರ ಬಗ್ಗೆ ಮರುಗುತ್ತಾರೆ. ನನಗೆ ಹೆಚ್ಚು ಕಳವಳ ತಂದದ್ದು ಆ 42. ನಿಂತಿರುವ ಕಟ್ಟಡವೇ ಮೊದಲ ಸಲ ಸಿಗಲಿಲ್ಲವೆಂದರೆ ದೋಷ ದಾಖಲೆಯದು. ಹಳೆಯ ಅಧಿಸೂಚನೆಗಳಲ್ಲಿ ಎಷ್ಟೋ ಕಡೆ ಇದ್ದದ್ದು ಊರ ಹೆಸರು, ಒಂದು ಸಾಲಿನ ವಿವರಣೆ. ಅಕ್ಷಾಂಶವನ್ನು ಡಿಗ್ರಿಯ ಐದನೆಯ ದಶಮಾಂಶ ಸ್ಥಾನದವರೆಗೆ ಬರೆದರೆ ನೆಲದ ಮೇಲೆ ಸುಮಾರು 1.1 ಮೀಟರಿನಷ್ಟು ಸೂಕ್ಷ್ಮತೆ ದೊರೆಯುತ್ತದೆ. ಬಯಲಿನಲ್ಲಿ ಸಾಮಾನ್ಯ ಮೊಬೈಲ್ ಫೋನು ಕೂಡ ಕೆಲವೇ ಮೀಟರುಗಳ ವ್ಯತ್ಯಾಸದಲ್ಲಿ ಸ್ಥಾನ ಹೇಳಬಲ್ಲದು.

ಇತ್ತೀಚೆಗೆ ಇಸ್ರೊ ನೆರವಿನಿಂದ ಸ್ಮಾರಕಗಳ ಸ್ಥಾನ ಗುರುತಿಸುವ ಕೆಲಸ ನಡೆದಿರುವುದು ಸ್ವಾಗತಾರ್ಹ. ಆದರೆ ಬಿಂದು ಬೇರೆ, ಗಡಿ ಬೇರೆ. 1958ರ ಕಾಯಿದೆಗೆ 2010ರಲ್ಲಾದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಪ್ರದೇಶದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಆ ಗಡಿ ನೆಲದ ಮೇಲೆ ನಿಖರವಾಗಿ ಗೊತ್ತಿಲ್ಲದಿದ್ದರೆ 100 ಮೀಟರನ್ನು ಎಲ್ಲಿಂದ ಅಳೆಯುವುದು? ಕಾನೂನಿನಲ್ಲಿ ಸಂಖ್ಯೆ ಇದೆ, ಮೂಲಬಿಂದು ಇಲ್ಲ.

ಸ್ಥಾನದ ಜೊತೆಗೆ ಸ್ಥಿತಿಯೂ ದಾಖಲಾಗಬೇಕು. ಹಂಪಿಯನ್ನು ನೋಡಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಕಾಗದದ ನೆಗೆಟಿವ್‌ಗಳ ಮೇಲೆ ಅಲ್ಲಿನ ಚಿತ್ರಗಳನ್ನು ತೆಗೆದರು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಅಂದು ಇಟ್ಟಿಗೆಯ ಶಿಖರವಿದ್ದುದು ಅವುಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಂದು ಅದಿಲ್ಲ. ಐವತ್ತು ರೂಪಾಯಿ ನೋಟಿನ ಮೇಲೆ ನಾವು ನೋಡುವುದು ಶಿಖರವಿಲ್ಲದ ರಥವನ್ನೇ. ಮುಂದೆ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ಕ್ಯಾಮೆರಾ ಇಟ್ಟು ಮರುಚಿತ್ರಣ ಮಾಡಿದರು. ಹೀಗೆ ಒಂದೇ ನೆಲೆಯಿಂದ, ಕಾಲಾಂತರದಲ್ಲಿ ತೆಗೆದ ಎರಡು ಚಿತ್ರಗಳು ಒಳ್ಳೆಯ ಮಾಪನಗಳೇ. ಇಂಥ ಕೆಲಸ ಒಬ್ಬಿಬ್ಬರ ಆಸಕ್ತಿಯಿಂದ ನಡೆಯಿತೇ ಹೊರತು ಇಲಾಖೆಯ ದಿನಚರಿಯಾಗಿ ಅಲ್ಲ ಎಂಬುದೇ ನನ್ನ ದೂರು.

2024ರ ಮಾರ್ಚ್‌ನಲ್ಲಿ 18 ಸ್ಮಾರಕಗಳನ್ನು ಪಟ್ಟಿಯಿಂದ ಕೈಬಿಡುವ ಅಧಿಸೂಚನೆ ಹೊರಟಿತು. ಅವುಗಳಲ್ಲೊಂದು ಹರಿಯಾಣದ ಮುಜೇಸರ್‌ನ ಕೋಸ್ ಮಿನಾರ್. ಕೋಸ್ ಮಿನಾರ್ ಎಂದರೆ ಮೊಗಲರ ಹೆದ್ದಾರಿಯಲ್ಲಿ ಸುಮಾರು ಮೂರು ಕಿಲೋಮೀಟರಿಗೊಂದರಂತೆ ನಿಲ್ಲಿಸಿದ ದೂರಸೂಚಕ ಗೋಪುರ. ದೂರ ಹೇಳಲೆಂದೇ ಕಟ್ಟಿದ್ದರ ಜಾಗವೇ ಸಿಗದಾಯಿತು! ಕೈಬಿಡಲು ಬಳಸಿದ್ದು ಕಾಯಿದೆಯ 35ನೆಯ ಸೆಕ್ಷನ್. ಅದು ಹೇಳುವುದು, ಸ್ಮಾರಕಕ್ಕೆ ರಾಷ್ಟ್ರೀಯ ಮಹತ್ವ ಉಳಿದಿಲ್ಲ ಎಂದು. ಮಹತ್ವ ಹೋಗಿರಲಿಲ್ಲ, ಕಟ್ಟಡ ಹೋಗಿತ್ತು. ಹೆಸರನ್ನು ಅಳಿಸುವ ಬದಲು "ಕಳೆದುಹೋದವು" ಎಂಬ ಬೇರೆ ಪಟ್ಟಿಯನ್ನೇ ಇಟ್ಟು, ಕೊನೆಯದಾಗಿ ಯಾವ ವರ್ಷ ಯಾರು ನೋಡಿದ್ದರು, ನಾಶಕ್ಕೆ ಕಾರಣವೇನು, ಈಗ ಆ ಜಾಗದಲ್ಲಿ ಏನಿದೆ ಎಂಬುದನ್ನು ಬರೆದಿಡಬಹುದಿತ್ತು.