ಸೇವಂತಿಗೆಯನ್ನು ಇಂಗ್ಲಿಷಿನಲ್ಲಿ ಓದುವುದು

ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲೂ ಮಾಟುಂಗಾದ ಕಿಂಗ್ಸ್ ಸರ್ಕಲ್ಲಿನಲ್ಲೂ ಹಳೆ ಪುಸ್ತಕ ಮಾರುವವರ ಬಳಿ ಮಳೆಗಾಲ ಬೇಸಿಗೆಯೆನ್ನದೆ ಸಿಗುವ ಪುಸ್ತಕವೊಂದಿದೆ: ನಾರ್ಮನ್ ಲೂಯಿಸನ ‘ವರ್ಡ್ ಪವರ್ ಮೇಡ್ ಈಸಿ’. 1949ರಲ್ಲಿ ಅಮೆರಿಕದಲ್ಲಿ ಬಂದ ಈ ಪುಸ್ತಕವನ್ನು ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಮುಂಬಯಿಗೆ ಬಂದ ಯಾರ ಕೋಣೆಗೆ ಹೋದರೂ ಕಾಣಬಹುದು. ಅರ್ಧಕ್ಕೆ ನಿಂತ ಓದಿನ ಗುರುತಾಗಿ ಲೋಕಲ್ಲಿನ ಹಳೆ ಟಿಕೆಟ್ಟೊಂದು ಮೂರನೆಯದೋ ನಾಲ್ಕನೆಯದೋ ಅಧ್ಯಾಯದ ನಡುವೆ ಸಿಕ್ಕಿಕೊಂಡಿರುತ್ತದೆ. ಅದನ್ನು ಕೊಳ್ಳುವವರಿಗೆ ಬೇಕಾದದ್ದು ಪಾಂಡಿತ್ಯವಲ್ಲ. ಮೀಟಿಂಗಿನಲ್ಲಿ ಪಕ್ಕದವನು ಆಡಿದ ಮಾತಿಗೆ ತಲೆಯಾಡಿಸಿ, ಆಮೇಲೆ ಮೊಬೈಲಿನಲ್ಲಿ ಅರ್ಥ ಹುಡುಕುವ ಅವಸ್ಥೆಯಿಂದ ಬಿಡುಗಡೆ ಬೇಕು. ಆದ್ದರಿಂದ ಈ ಪುಸ್ತಕವನ್ನು ಬರೀ ಪರೀಕ್ಷೆಯ ಕೈಪಿಡಿ ಎಂದು ಬದಿಗಿಡದೆ, ಒಂದು ಕೃತಿಯೆಂದೇ ಓದಿ ತೂಗಬೇಕೆಂದು ನನಗೆ ಬಹಳ ದಿನಗಳಿಂದ ಅನಿಸಿತ್ತು.

ಲೂಯಿಸ್ ಪದಪಟ್ಟಿ ಮಾಡಿದವನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಅವನು ಮೊದಲು ಒಂದು ಭಾವವನ್ನೋ ಒಬ್ಬ ವ್ಯಕ್ತಿಯನ್ನೋ ವರ್ಣಿಸುತ್ತಾನೆ, ಹೆಸರನ್ನು ಆಮೇಲೆ ಕೊಡುತ್ತಾನೆ. ಮನುಷ್ಯರನ್ನೇ ಕಂಡರಾಗದವನು ಮೊದಲು ಬರುತ್ತಾನೆ, ‘ಮಿಸಾಂತ್ರೋಪ್’ ಎಂಬ ಪದ ಅವನ ಹಿಂದೆ ಬರುತ್ತದೆ. ಬಳಿಕ ಗ್ರೀಕ್ ಧಾತುಗಳನ್ನು ಬಿಡಿಸಿ, ಒಂದು ಧಾತುವಿನಿಂದ ಹುಟ್ಟಿದ ಇಡೀ ಕುಟುಂಬವನ್ನು ಸಾಲಾಗಿ ನಿಲ್ಲಿಸುತ್ತಾನೆ. ನಮಗೆ ಈ ದಾರಿ ಹೊಸದೇನಲ್ಲ. ‘ಅಲ್ಪಸಂಖ್ಯಾತ’ ತಿಳಿದ ಹುಡುಗನಿಗೆ ‘ಬಹುಸಂಖ್ಯಾತ’ವನ್ನು ಯಾರೂ ಕಲಿಸಬೇಕಿಲ್ಲ. ಸಂಸ್ಕೃತದ ತತ್ಸಮಗಳನ್ನು ಹೀಗೆ ಬಿಡಿಸಿ ಕೂಡಿಸಿ ಬೆಳೆದ ನಮ್ಮ ತಲೆಗೆ ಲೂಯಿಸ್ ಬೇಗ ಹಿಡಿಸುತ್ತಾನೆ. ಇಂಗ್ಲಿಷ್ ಮಾಧ್ಯಮದ ಹುಡುಗರಿಗಿಂತಲೂ ಬೇಗ ಎಂಬುದು ನನ್ನ ಅನುಮಾನ.

ತೊಡಕು ಬೇರೆ ಕಡೆ ಇದೆ. ಅವನ ಲೋಕದಲ್ಲಿ ಮನುಷ್ಯರಿಲ್ಲ, ಮಾದರಿಗಳಿದ್ದಾರೆ. ಒಂದು ಅಧ್ಯಾಯದಲ್ಲಿ ಬಗೆಬಗೆಯ ಡಾಕ್ಟರುಗಳು, ಇನ್ನೊಂದರಲ್ಲಿ ಬಗೆಬಗೆಯ ಸುಳ್ಳುಗಾರರು, ಮತ್ತೊಂದರಲ್ಲಿ ಹೊಗಳಲು ಬೇಕಾದ ಗುಣವಾಚಕಗಳು. ‘ಪರ್ಸ್ಪಿಕೇಶಿಯಸ್’, ‘ಇಂಡಿಫ್ಯಾಟಿಗಬಲ್’, ‘ಇಂಟ್ರೆಪಿಡ್’ ಎಂದು ಸಾಲಾಗಿ ಬರುವ ಈ ವಿಶೇಷಣಗಳನ್ನು ಕಂಡಾಗ ನನಗೆ ನಮ್ಮ ಸನ್ಮಾನಪತ್ರಗಳು ನೆನಪಾಗುತ್ತವೆ; ಅಲ್ಲಿಯೂ ವಿಶೇಷಣಗಳು ಹೆಚ್ಚಾದಷ್ಟೂ ಸನ್ಮಾನಿತರು ಕಾಣಿಸುವುದಿಲ್ಲ. ಅವನ ಉದಾಹರಣೆಗಳೂ ಹಾಗೆಯೇ. ಪದದ ಅರ್ಥ ತಾನೇ ಹೊರಬೀಳುವಂತೆ ಹೊಲಿದ ವಾಕ್ಯಗಳು ಅವು.

1983ರಲ್ಲಿ ಇಸಬೆಲ್ ಬೆಕ್ ಮತ್ತು ಸಂಗಡಿಗರು ಒಂದು ಲೇಖನದಲ್ಲಿ ಎಲ್ಲ ಸಂದರ್ಭಗಳೂ ಒಂದೇ ಅಲ್ಲ ಎಂದು ತೋರಿಸಿದರು. ಕೆಲವು ಸಂದರ್ಭಗಳು ಅರ್ಥದತ್ತ ನೇರವಾಗಿ ಕರೆದೊಯ್ಯುತ್ತವೆ, ಕೆಲವು ಮೇಲುಮೇಲಿನ ಸುಳಿವು ಕೊಡುತ್ತವೆ, ಕೆಲವು ಏನೂ ಹೇಳುವುದಿಲ್ಲ, ಕೆಲವು ದಾರಿಯನ್ನೇ ತಪ್ಪಿಸುತ್ತವೆ. ಪಠ್ಯಪುಸ್ತಕದಲ್ಲಿ ಸಿಗುವುದು ಮೊದಲ ಬಗೆ. ಆಫೀಸಿನ ಮೇಲು, ಬಾಡಿಗೆ ಕರಾರು, ಒಳ್ಳೆಯ ಕಾದಂಬರಿ, ಇವುಗಳಲ್ಲಿ ಸಿಗುವುದು ಹೆಚ್ಚಾಗಿ ಉಳಿದ ಮೂರು.

ಪರೀಕ್ಷೆ ನಡೆಸುವವರಿಗೂ ಇದು ಹೊಳೆಯದೆ ಇರಲಿಲ್ಲ. ಜಿಆರ್‌ಇ 2011ರ ಆಗಸ್ಟಿನಲ್ಲಿ ವಿರುದ್ಧಾರ್ಥಕ ಪದಗಳ ಪ್ರಶ್ನೆಗಳನ್ನು ಕೈಬಿಟ್ಟು, ವಾಕ್ಯಗಳ ಖಾಲಿ ಜಾಗ ತುಂಬುವ ಕ್ರಮವನ್ನು ಗಟ್ಟಿ ಮಾಡಿತು. ಅಮೆರಿಕದ ಸ್ಯಾಟ್ 2016ರಲ್ಲಿ ಹೊಸ ರೂಪ ತಾಳಿದಾಗ, ಅಪರೂಪದ ಪದಗಳ ಬದಲು ಬಳಕೆಯ ಪದವೊಂದು ಆ ಪ್ಯಾರಾದಲ್ಲಿ ಯಾವ ಅರ್ಥ ಕೊಡುತ್ತದೆ ಎಂದು ಕೇಳತೊಡಗಿತು. ಕೋಚಿಂಗ್ ಕ್ಲಾಸುಗಳು ಇದಕ್ಕೆ ಕೊಟ್ಟ ಉತ್ತರ ನೋಡಿ: ಹಳೆಯ ಪಟ್ಟಿಯನ್ನೇ ಇಟ್ಟುಕೊಂಡು ಪಕ್ಕದಲ್ಲಿ ‘ಉದಾಹರಣೆ’ ಎಂಬ ಇನ್ನೊಂದು ಕಾಲಮ್ಮು ಎಳೆದವು! ‘ಹಿಂದೂ’ ಪತ್ರಿಕೆಯ ಸಂಪಾದಕೀಯ ದಿನವೂ ಓದು ಎಂಬ ಉಪದೇಶವೂ ಈ ಜಾತಿಯದೇ. ಯಾರ ನೆರವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಲು ಓದುಗನಿಗೆ ಪಠ್ಯದ ನೂರಕ್ಕೆ ಸುಮಾರು 98 ಪದಗಳು ಮೊದಲೇ ತಿಳಿದಿರಬೇಕು ಎಂದು ಹೂ ಮತ್ತು ಪಾಲ್ ನೇಷನ್ 2000ದಲ್ಲಿ ಲೆಕ್ಕ ಹಾಕಿದ್ದರು. ನೂರರಲ್ಲಿ ಎಂಟೋ ಹತ್ತೋ ಪದಗಳಲ್ಲಿ ಎಡವುವವನಿಗೆ ಸಂಪಾದಕೀಯ ಸಂದರ್ಭವಾಗುವುದಿಲ್ಲ. ಅದೂ ಒಂದು ಪಟ್ಟಿಯೇ, ಸ್ವಲ್ಪ ಉದ್ದನೆಯದು.

ಹಾಗಿದ್ದರೆ ನಾವು ಇದೇ ಊರಿನಲ್ಲಿ ಹಿಂದಿ, ಮರಾಠಿ ಕಲಿತದ್ದು ಹೇಗೆ? ಯಾರ ಕೈಯಲ್ಲೂ ಪಟ್ಟಿ ಇರಲಿಲ್ಲ. ಸೆಂಟ್ರಲ್ ಲೈನಿನ ಡಬ್ಬಿಯಲ್ಲಿ ಮೂವರು ಕೂತ ಬೆಂಚಿನ ಎದುರು ನಿಂತವನೊಬ್ಬ ಅಂಗೈಯನ್ನು ಪಕ್ಕಕ್ಕೆ ಆಡಿಸಿ ‘ಥೋಡಾ ಖಿಸ್ಕೋ’ ಎನ್ನುತ್ತಾನೆ. ನಾಲ್ಕನೇ ಸೀಟು ಕೇಳುತ್ತಿದ್ದಾನೆಂದು ಕೈ ನೋಡಿದೊಡನೆ ತಿಳಿಯುತ್ತದೆ, ಪದ ಅದರ ಹಿಂದೆ ಬಂದು ಕೂರುತ್ತದೆ. ಬಾಗಿಲಲ್ಲಿ ‘ಆತ್ ಸರಕಾ’ ಎಂದು ಬೆನ್ನಿಗೆ ಬಿದ್ದ ನೂಕು ಯಾವ ನಿಘಂಟಿಗಿಂತಲೂ ಸ್ಪಷ್ಟ. ಇಲ್ಲೆಲ್ಲ ಅರ್ಥ ಮೊದಲು, ಪದ ಅನಂತರ. ಲೂಯಿಸ್ ಮಾಡಲು ಹೊರಟದ್ದೂ ಇದನ್ನೇ, ಆದರೆ ಅವನ ಬಳಿ ರೈಲಿರಲಿಲ್ಲ. ಇನ್ನು ಮೇಲ್ಮಟ್ಟದ ಇಂಗ್ಲಿಷ್ ನಮ್ಮ ಬೀದಿಯಲ್ಲಿ ಯಾರ ಬಾಯಲ್ಲೂ ಇಲ್ಲ. ಅದು ಕಾಗದದ ಮೇಲೆ ಮಾತ್ರ ಬದುಕಿದೆ. ಆದ್ದರಿಂದ ನಾವು ಹುಡುಕಬೇಕಾದದ್ದು ಅರ್ಥ ಮೊದಲೇ ನಮ್ಮ ಕೈಯಲ್ಲಿರುವ, ಪದ ಮಾತ್ರ ಹೊಸದಾಗಿರುವ ಪುಸ್ತಕವನ್ನು.

ಅಂಥ ಪುಸ್ತಕ ನಮ್ಮ ಭಾಗ್ಯಕ್ಕೆ ಇದೆ. ಗೋಕರ್ಣದ ಜಯಂತ ಕಾಯ್ಕಿಣಿ ಮುಂಬಯಿಯಲ್ಲಿ ಬಾಳಿ ಕನ್ನಡದಲ್ಲಿ ಬರೆದ ಕತೆಗಳಲ್ಲಿ ಹದಿನಾರನ್ನು ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದರು. ‘ನೋ ಪ್ರೆಸೆಂಟ್ಸ್ ಪ್ಲೀಸ್’ ಎಂಬ ಆ ಸಂಕಲನ 2017ರಲ್ಲಿ ಬಂತು, ದಕ್ಷಿಣ ಏಷ್ಯಾ ಸಾಹಿತ್ಯಕ್ಕೆ ಕೊಡುವ 2018ರ ಡಿಎಸ್‌ಸಿ ಬಹುಮಾನ ಅದಕ್ಕೆ ಸಂದಿತು. ಅನುವಾದಿತ ಕೃತಿಯೊಂದಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ಇದೆಲ್ಲ ನಮ್ಮ ಓದುಗರಿಗೆ ಗೊತ್ತಿರುವುದೇ. ನಾನು ಹೇಳುವುದು ಇಷ್ಟು: ಆ ಪುಸ್ತಕವನ್ನು ಮೂಲದ ಪಕ್ಕದಲ್ಲಿಟ್ಟುಕೊಂಡು ಓದಿದರೆ ಮುಂಬಯಿಯ ಕನ್ನಡಿಗನಿಗೆ ಅದಕ್ಕಿಂತ ಒಳ್ಳೆಯ ಇಂಗ್ಲಿಷ್ ಪಾಠಪುಸ್ತಕ ಇಲ್ಲ.

ಶೀರ್ಷಿಕೆಗಳಿಂದಲೇ ಶುರು ಮಾಡಬಹುದು. ಕನ್ನಡದ ಸೇವಂತಿ ಹೂವಿನ ಟ್ರಕ್ಕು ಇಂಗ್ಲಿಷಿನಲ್ಲಿ ಟ್ರಕ್ಕು ತುಂಬ ‘ಕ್ರಿಸಾಂತಮಮ್’ ಆಗುತ್ತದೆ. ಪಟ್ಟಿಯಲ್ಲಿ ಈ ಪದ ಭೀಕರ, ಸ್ಪೆಲಿಂಗ್ ಇನ್ನೂ ಭೀಕರ. ಲೂಯಿಸನ ಶಿಷ್ಯ ಅದನ್ನು ಗ್ರೀಕಿನ ಎರಡು ತುಂಡಾಗಿ ಬಿಡಿಸಿ ‘ಹೊನ್ನ ಹೂ’ ಎನ್ನುತ್ತಾನೆ, ಅದು ಸರಿಯೂ ಹೌದು. ಆದರೆ ದಾದರಿನ ಹೂವಿನ ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಬುಟ್ಟಿಗಟ್ಟಲೆ ಹರಡಿಕೊಂಡ ಶೇವಂತಿ, ಅಮ್ಮನ ಜಡೆಯ ಸೇವಂತಿಗೆ, ಹೆಣದ ಮೇಲಿನ ಹಾರದ ಸೇವಂತಿಗೆ, ಇವೆಲ್ಲವನ್ನೂ ಹೊತ್ತುಕೊಂಡೇ ನಾವು ಆ ಇಂಗ್ಲಿಷ್ ಪದದ ಬಳಿಗೆ ಹೋಗುತ್ತೇವೆ. ಆ ಟ್ರಕ್ಕನ್ನು ಕಂಡವನು ಪದವನ್ನು ಮರೆಯಲಾರ. ಇಂಗ್ಲಿಷ್ ಮಾತ್ರ ಬಲ್ಲ ಓದುಗನಿಗಿಂತ ನಾವಿಲ್ಲಿ ಶ್ರೀಮಂತರು.

ಇನ್ನೊಂದು ಇದಕ್ಕೆ ತಿರುಗಾಮುರುಗ. ‘ದಗಡೂ ಪರಬನ ಅಶ್ವಮೇಧ’ದಲ್ಲಿ ಮದುಮಗನನ್ನು ಹೊತ್ತ ಬಾಡಿಗೆ ಕುದುರೆ ದಿಬ್ಬಣ ಬಿಟ್ಟು ಓಡುತ್ತದೆ. ಪುರಾಣದ ಅಷ್ಟು ದೊಡ್ಡ ಪದವನ್ನು ಅಷ್ಟು ಬಡ ಕುದುರೆಗೆ ಕಟ್ಟಿದ್ದರಲ್ಲೇ ಕಾಯ್ಕಿಣಿಯವರ ನಗುವೂ ಮರುಕವೂ ಇದೆ. ಇಂಗ್ಲಿಷಿನಲ್ಲಿ ಅದು ಬರೀ ಮದುವೆಯ ಕುದುರೆ. ಇದನ್ನು ನಾನು ನಷ್ಟವೆಂದೇ ಎಣಿಸುತ್ತೇನೆ, ಅಡಿಟಿಪ್ಪಣಿಯಿಲ್ಲದೆ ಬೇರೇನು ಮಾಡಬಹುದಿತ್ತು ಎಂಬುದೂ ಹೊಳೆಯದು. ಆದರೆ ಈ ನಷ್ಟದಿಂದಲೇ ನನಗೊಂದು ಪದ ಗಟ್ಟಿಯಾಯಿತು. ಅಲ್ಪ ಸಂಗತಿಗೆ ಮಹಾಕಾವ್ಯದ ಗತ್ತು ತೊಡಿಸುವುದನ್ನು ಇಂಗ್ಲಿಷ್ ವಿಮರ್ಶೆ ‘ಮಾಕ್-ಹೀರೋಯಿಕ್’ ಎನ್ನುತ್ತದೆ. ಕಾಲೇಜಿನಲ್ಲಿ ಅಲೆಕ್ಸಾಂಡರ್ ಪೋಪನ ಪಾಠದಲ್ಲಿ ಬಾಯಿಪಾಠ ಮಾಡಿದ್ದ ಆ ಪದಕ್ಕೆ ಮುಖ ಬಂದದ್ದು ಪರಬನ ಕುದುರೆಯಿಂದ.

ಸಂಕಲನಕ್ಕೆ ಹೆಸರು ಕೊಟ್ಟ ಕತೆಯಲ್ಲಿ ಪೋಪಟ್ ಮತ್ತು ಅಸಾವರಿ ತಮ್ಮ ಮದುವೆಯ ಕರೆಯೋಲೆ ಸಿದ್ಧಪಡಿಸುವವರು. ‘ನೋ ಪ್ರೆಸೆಂಟ್ಸ್ ಪ್ಲೀಸ್’ನಲ್ಲಿ ಕಷ್ಟದ ಪದ ಒಂದೂ ಇಲ್ಲ. ಆದರೂ ಉಳ್ಳವರ ಕಾರ್ಡಿನ ಕೆಳಗೆ ಅಚ್ಚಾಗುವ ಆ ಮೂರು ಪದಗಳು ಏನೂ ಇಲ್ಲದವರ ಕಾರ್ಡಿನಲ್ಲಿ ಏನು ಹೇಳುತ್ತವೆ ಎಂಬುದನ್ನು ಯಾವ ನಿಘಂಟು ತಿಳಿಸೀತು? ಮೇಲ್ಮಟ್ಟದ ಶಬ್ದಸಂಪತ್ತು ಎಂದಾಗ ನಾವು ಪದದ ಉದ್ದವನ್ನೇ ಅಳೆಯುತ್ತೇವೆ, ಅದರ ಭಾರ ಕಣ್ಣಿಗೆ ಬೀಳುವುದಿಲ್ಲ. ಪ್ರಾಸಂಗಿಕವಾಗಿ ಒಂದು ಮಾತು: ‘ಚಾಳ್’ ಎಂಬ ನಮ್ಮ ಮನೆಯ ಪದ ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. ಪರದೇಶದಲ್ಲಿ ಕೂತು ಈ ಕತೆಗಳನ್ನು ಓದುವ ಇಂಗ್ಲಿಷಿನವನು ಅದನ್ನು ಸಂದರ್ಭದಿಂದಲೇ ಊಹಿಸಿಕೊಳ್ಳಬೇಕು. ಅವನೂ ಸ್ವಲ್ಪ ಕಷ್ಟಪಡಲಿ.

ಲೂಯಿಸನ ಅಭಿಮಾನಿಗಳು ಈ ಅನುವಾದದಲ್ಲಿ ನಿರಾಶರಾಗುತ್ತಾರೆ. ಅಡಿಗೆರೆ ಎಳೆಯುವಂಥ ದೊಡ್ಡ ಪದಗಳು ಇಲ್ಲಿ ಕಡಿಮೆ. ನಿರಂಜನರ ಇಂಗ್ಲಿಷ್ ಸಣ್ಣ ವಾಕ್ಯಗಳದು, ಸದ್ದು ಮಾಡದ್ದು. ನನಗೆ ಅದೇ ಅದರ ಗುಣ. ಕನ್ನಡದ ಒಂದು ಪ್ಯಾರಾ ಓದಿ, ಪುಸ್ತಕ ಮುಚ್ಚಿ, ಇದಕ್ಕೆ ನಾನಾದರೆ ಯಾವ ಪದ ಹಾಕುತ್ತಿದ್ದೆ ಎಂದು ಬರೆದುಕೊಂಡು ಆಮೇಲೆ ಅನುವಾದ ತೆರೆಯಿರಿ. ನೀವು ಹಾಕಿದ ಪದ ಬಹುಪಾಲು ಅವರದ್ದಕ್ಕಿಂತ ದೊಡ್ಡದಿರುತ್ತದೆ.

ಇಷ್ಟಾದರೂ ಕತೆಗಳು ನಮ್ಮನ್ನು ಒಂದು ಕಡೆ ಕೈಬಿಡುತ್ತವೆ. ಕತೆಗಾರನಿಗೆ ಓದುಗನ ಮೇಲೆ ಪ್ರೀತಿ ಇರುತ್ತದೆ, ಕರಾರುಪತ್ರ ಬರೆದವನಿಗೆ ಇರುವುದಿಲ್ಲ. ಡೊಂಬಿವಲಿಯ ನಮ್ಮ ಹಳೆ ಕಟ್ಟಡ ಕೆಡವಿ ಹೊಸದು ಕಟ್ಟುವ ಮಾತು ಬಂದಾಗ ಎಲ್ಲರ ಕೈಗೂ ಇಂಗ್ಲಿಷ್ ಒಪ್ಪಿಗೆಪತ್ರ ಬಂತು. ಎರಡನೇ ಮಹಡಿಯ ಕುಂದಾಪುರ ಕಡೆಯ ಹಿರಿಯರೊಬ್ಬರು, ನಲವತ್ತು ವರ್ಷ ಹೋಟೆಲಿನ ಗಲ್ಲೆಯಲ್ಲಿ ಕೂತವರು, ಸಹಿ ಹಾಕುವ ಮೊದಲು ನನ್ನ ಬಳಿ ತಂದರು. ಒಪ್ಪಿಗೆಯ ಮುಂದೆ ‘ಇರ್‌ರೆವೊಕಬಲ್’ ಎಂದಿತ್ತು. ಸಂದರ್ಭ ಏನನ್ನೂ ಹೇಳುತ್ತಿರಲಿಲ್ಲ. ಆ ಪದ ತೆಗೆದರೂ ವಾಕ್ಯ ಹಾಗೆಯೇ ನಿಲ್ಲುತ್ತಿತ್ತು. ಇಲ್ಲಿ ಒದಗಿದವನು ಲೂಯಿಸನೇ, ಅಂದರೆ ಅವನು ಕಲಿಸಿದ ಬಿಡಿಸುವ ವಿದ್ಯೆ. ಲ್ಯಾಟಿನಿನಲ್ಲಿ ‘ವೊಕಾರೆ’ ಎಂದರೆ ಕರೆಯುವುದು, ‘ರೆ’ ಎಂದರೆ ಹಿಂದಕ್ಕೆ: ಹಿಂದಕ್ಕೆ ಕರೆಯಲಾಗದ್ದು. “ಕೊಟ್ಟ ಮಾತು ವಾಪಸ್ ತಗೊಳ್ಳೂಕಾಗ ಅಂತಲ್ದಾ” ಎಂದರು ಹಿರಿಯರು.

‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಮಾತ್ರ ಹಾಗೆ ಬಿಡಿಸಲು ಬರಲಿಲ್ಲ. ಮೂರು ತುಂಡೂ ಗೊತ್ತಿರುವವೇ, ಕೂಡಿದರೆ ಏನೂ ಆಗದು. ಮೇಲೆ ಏನೇ ಬರೆದಿದ್ದರೂ ಕೆಳಗಿನದೇ ನಡೆಯುತ್ತದೆ ಎಂದರ್ಥ ಎಂದು ವಿವರಿಸಿದೆ. ಅವರು ಹಾಳೆಗಳನ್ನು ತಿರುವಿ ನೋಡಿದರು. “ಹಂಗಾರೆ ಮೇಲಿನ ಹತ್ತು ಪುಟ ನೀವು ನಂಗೆ ಓದಿ ಹೇಳಿದ್ದು ಎಂತಕ್ಕೆ ಮಾರಾಯ್ರೆ?” ಎಂದರು. ಆಮೇಲೆ ಇಬ್ಬರೂ ಕನ್ನಡಕ ಒರೆಸಿಕೊಂಡು ಆ ಪದ ಎಲ್ಲೆಲ್ಲಿ ಬಂದಿದೆ, ಅದರ ಕೆಳಗೆ ಏನಿದೆ ಎಂದು ಪೆನ್ಸಿಲಿನಿಂದ ಗುರುತು ಹಾಕುತ್ತ ಮೊದಲಿನಿಂದ ಓದಿದೆವು. ‘ಇನ್ ಲ್ಯೂ ಆಫ್’ ಹತ್ತಿರ ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು.